ನಲವತ್ತಮೂರನೇ ಮನೆ

ಮನೆಗೆ ನಂಬರು ಬರೆಯುವವನು ಬಂದಾಗ ಗುತ್ಯಮ್ಮ ಹಿತ್ತಲಲ್ಲಿ ಕೂತು ಸಾರಿಗೆ ಏಡಿ ಜಜ್ಜುತ್ತಿದ್ದಳು.

ಅರವತ್ತಾರನೇ ಇಸವಿಯ ಭಾದ್ರಪದ. ಮಳೆ ಹಿಂದೆ ಸರಿದಿತ್ತು. ಬೆಳಗಿನ ಮಂಜು ಮಾತ್ರ, ಎದ್ದು ಹೊರಡಲು ಮನಸ್ಸಿಲ್ಲದ ನೆಂಟನ ಹಾಗೆ, ಹೊತ್ತೇರುವವರೆಗೂ ಗದ್ದೆಯ ಮೇಲೆ ಕೂತೇ ಇರುತ್ತಿತ್ತು. ನಿಟ್ಟೂರಿನಿಂದ ಎರಡು ಮೈಲಿ ನಡೆದು ಹಳ್ಳ ದಾಟಿದರೆ ಸಿಗುವ ಏಳು ಮನೆಗಳ ಕೇರಿ ಅದು. ಆ ಮಂಜಿನೊಳಗಿಂದ ಮೊದಲು ಒಂದು ಡಬ್ಬಿಯ ಸದ್ದು ಬಂತು, ಆಮೇಲೆ ಒಂದು ಛತ್ರಿ ಕಂಡಿತು, ಕಟ್ಟಕಡೆಗೆ ಪಂಚಾಯ್ತಿ ಗುಮಾಸ್ತ ಮಂಜುನಾಥಪ್ಪ ಇಡಿಯಾಗಿ ಕಂಡ.

ಗುತ್ಯಮ್ಮನ ಗಂಡ ಭೂತಪ್ಪ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. "ಬನ್ನಿ ಬನ್ನಿ. ಡಬ್ಬೀಲಿ ಎಂತದು, ಎಣ್ಣೆಯಾ?"

"ಎಣ್ಣೆ ಅಲ್ಲ ಮಾರಾಯ, ಬಣ್ಣ. ಎಲ್ಲಾ ಮನೆಗೂ ನಂಬರ್ ಹಾಕ್ಬೇಕು ಅಂತ ಆಗಿದೆ" ಎಂದು ಮಂಜುನಾಥಪ್ಪ ಛತ್ರಿ ಮಡಚಿ, ಗೋಡೆಯನ್ನು ಕಣ್ಣಲ್ಲೇ ಅಳೆದು, ಎಲ್ಲಕ್ಕಿಂತ ನುಣುಪಾದ ಜಾಗ ಹುಡುಕಿದ. ಅದು ಸಿಕ್ಕಿದ್ದು ತಲೆಬಾಗಿಲ ಪಕ್ಕದಲ್ಲಿ. ಕುಂಚ ಅದ್ದಿ ಕಪ್ಪಗೆ ದಪ್ಪಗೆ ಎರಡು ಅಂಕಿ ಬರೆದ. ೪೩.

ಏಡಿಯ ಕೈಯಲ್ಲೇ ಒಳಗಿನಿಂದ ಬಂದ ಗುತ್ಯಮ್ಮ ಬಾಗಿಲಲ್ಲಿ ನಿಂತು ಕೂಗಿಕೊಂಡಳು. "ಅಯ್ಯಯ್ಯೋ! ಕಣ್ಣು ಎಲ್ಲಿಟ್ಕೊಂಡಿದ್ರಿ ನೀವು? ಚಿತ್ತಾರದ ಮೇಲೆ ಮಸಿ ಬಳಿದ್ರಲ್ಲ!"

ಎರಡು ವರ್ಷದ ಹಿಂದೆ ಮಗ ಸುಬ್ಬಪ್ಪನ ಮದುವೆಗೆಂದು ಅವಳೇ ಬರೆದ ಚಿತ್ತಾರ ಅದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳು. ಪುಂಡಿ ನಾರಿನ ಕುಂಚದಿಂದ ಒಂದೊಂದಾಗಿ ಎಳೆದು ಎಳೆದು ಕೂಡಿಸಿದ್ದು. ನಾಲ್ಕು ದಿನ ಊಟ ಮರೆತು ಬರೆದಿದ್ದಳು.

"ನನಗೆ ಚಿತ್ತಾರ ಕಂಡಿದೆ ಗುತ್ಯಮ್ಮ. ಆದ್ರೆ ಬೇರೆ ಕಡೆ ಗೋಡೆ ಸಮ ಇಲ್ಲ" ಎಂದ ಮಂಜುನಾಥಪ್ಪ, ಕಂಕುಳಿನ ಪುಸ್ತಕ ತೆಗೆದು ಕೂತ. "ವರ್ಷಕ್ಕೆ ಮೂರು ರೂಪಾಯಿ ಮನೆಗಂದಾಯ."

"ಗೇಣಿ ಕೊಡ್ತೀವಲ್ಲ?" ಭೂತಪ್ಪ ಹಗ್ಗ ಬಿಟ್ಟ. "ಬೆಳೆದದ್ರಲ್ಲಿ ಅರ್ಧ."

"ಗೇಣಿ ಗದ್ದೇದು, ಒಡೇರಿಗೆ. ಇದು ಮನೇದು, ಪಂಚಾಯ್ತಿಗೆ."

"ಪಂಚಾಯ್ತಿ ನಮಗೆ ಎಂತ ಕೊಡ್ತದೆ?"

"ಹಳ್ಳ ದಾಟಕ್ಕೆ ಕಾಲುಸಂಕ. ಬಾಣಂತೀರನ್ನ ನೋಡಕ್ಕೆ ನರ್ಸಮ್ಮ. ದೀಪದ ಕಂಬ."

"ಕಂಬಕ್ಕೆ ದೀಪ ಇರ್ತದಾ?" ಗುತ್ಯಮ್ಮ ಕೇಳಿದಳು.

"ಮೊದ್ಲು ಕಂಬ ಬರ್ಲಿ ಮಾರಾಯ್ತಿ. ಸರಿ, ಯಾರ ಹೆಸರು ಬರ್ಕೊಳ್ಲಿ?"

ಭೂತಪ್ಪನಿಗೆ ಅದು ಯೋಚಿಸಬೇಕಾದ ಪ್ರಶ್ನೆ ಅನ್ನಿಸಲೇ ಇಲ್ಲ. "ಒಡೇರ ಹೆಸ್ರು ಬರ್ಕಳಿ."

ಗುಮಾಸ್ತನ ಪೆನ್ಸಿಲ್ಲು ನಿಂತಿತು. "ಜಾಗ ಅವರದ್ದು, ಸರಿ. ಮನೆ ಕಟ್ಟಿದ್ದು ಯಾರು?"

"ನನ್ನಪ್ಪ. ಜಟ್ಟಿಂಗಪ್ಪ ಅಂತ."

"ಹಂಗಾರೆ?"

"ಇರ್ಲಿ ಬಿಡಿ, ಅವ್ರ ಹೆಸ್ರೇ ಇರ್ಲಿ. ಅವ್ರು ಇದ್ದಾಗ ನಮ್ಮ ಹೆಸ್ರು ಬರೆಸೋದು ಮರ್ಯಾದೆ ಅಲ್ಲ."

ಮಂಜುನಾಥಪ್ಪ ಬರೆದುಕೊಂಡ. ಹೊರಡುವ ಮುಂಚೆ, ಯಾರಿಗೆ ಹೇಳಿದ ಎಂದು ಗೊತ್ತಾಗದ ಹಾಗೆ, ಒಳಬಾಗಿಲ ಕಡೆ ನೋಡುತ್ತ ಹೇಳಿದ: "ಈಗ ಪೆನ್ಸಿಲ್ಲಲ್ಲಿ ಬರ್ದಿದೀನಿ. ಭೂಮಿ ಹುಣ್ಣಿಮೆ ಮಾರನೇ ದಿನ ಪಂಚಾಯ್ತೀಲಿ ಪಟ್ಟಿ ಓದ್ತೀವಿ. ಅವತ್ತು ಶಾಯೀಲಿ ಬರೆಯೋದು. ಆಮೇಲೆ ಅಳಿಸಕ್ಕೆ ಆಗಲ್ಲ."

ಒಳಬಾಗಿಲಲ್ಲಿ ಸೊಸೆ ವರದಾ ನಿಂತಿದ್ದಳು, ಅಕ್ಕಿ ಕೇರುತ್ತಿದ್ದ ಮೊರವನ್ನು ಎದೆಗಾನಿಸಿಕೊಂಡು.

ಮಧ್ಯಾಹ್ನದೊಳಗೆ ಗುತ್ಯಮ್ಮ ಕೆಮ್ಮಣ್ಣು ಕಲಸಿ ನಂಬರಿನ ಮೇಲೆ ಎರಡು ಸಲ ಬಳಿದಳು. ಒಣಗಿದ ಮೇಲೆ ಕಡಿದುಹೋದ ಎಳೆಗಳನ್ನು ಮತ್ತೆ ಜೋಡಿಸಿದಳು. ಗೋಡೆಯಲ್ಲಿ ನಂಬರಿಲ್ಲದಿದ್ದರೆ ಕಂದಾಯವೂ ಇಲ್ಲ ಎಂಬುದು ಅವಳ ಲೆಕ್ಕ.

ಊಟಕ್ಕೆ ಕೂತಾಗ ಏಡಿಸಾರಿನ ಘಮ ಮನೆಯೆಲ್ಲ ತುಂಬಿತ್ತು. ವರದಾ ಗಂಡಸರಿಗೆ ಬಡಿಸುತ್ತ ಮೆಲ್ಲನೆ ಮಾತು ತೆಗೆದಳು. "ಮಾವ, ನಿಮ್ಮ ಹೆಸರೇ ಬರೆಸ್ಬಹುದಿತ್ತು."

"ಮೂರು ರೂಪಾಯಿ ಯಾರು ಕೊಡ್ತಾರೆ? ನಿಮ್ಮಪ್ಪನಾ?" ಗುತ್ಯಮ್ಮ ಒಲೆಯ ಹತ್ತಿರದಿಂದಲೇ ಅಂದಳು.

"ನಮ್ಮಪ್ಪಂಗೆ ಕೊಡಕ್ಕೆ ಮನೆ ಎಲ್ಲೈತೆ ಅತ್ತೆ?"

"ತಗ, ಶುರು ಆಯ್ತು ಮುಳುಗಡೆ ಕಥೆ. ನೂರು ಸಲ ಕೇಳಿದೀವಿ."

ವರದಾಳ ತವರು ಬ್ಯಾಕೋಡಿನ ಹತ್ತಿರದ ಒಂದು ಹಳ್ಳಿ. ಶರಾವತಿಗೆ ಕಟ್ಟೆ ಕಟ್ಟಿದ ಮೇಲೆ ನೀರು ಗದ್ದೆಗೆ ಬಂತು, ಅಂಗಳಕ್ಕೆ ಬಂತು, ಆಮೇಲೆ ಮನೆಯನ್ನೇ ತಗೊಂಡಿತು. ಮನೆ ಯಾರ ಹೆಸರಲ್ಲಿತ್ತೋ ಪರಿಹಾರ ಅವರಿಗೆ ಹೋಯಿತು. ನಲವತ್ತು ವರ್ಷ ಅಲ್ಲಿ ಒಲೆ ಹಚ್ಚಿದವರ ಹೆಸರಲ್ಲಿ ಒಂದು ಚೀಟಿಯೂ ಇರಲಿಲ್ಲ. ಅವಳ ಅಪ್ಪ ಅಮ್ಮ ಈಗ ರಿಪ್ಪನ್‌ಪೇಟೆಯ ಅಂಚಿನಲ್ಲಿ ಸೋಗೆ ಗುಡಿಸಲು ಹಾಕಿಕೊಂಡಿದ್ದರು. ಅಪ್ಪ ಅಡಿಕೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ.

ಮುಳುಗಿದ ಮನೆ ವರದಾಳ ಕನಸಿಗೆ ಬರುತ್ತಿತ್ತು. ಕನಸಿನಲ್ಲಿ ಅದು ಹಾಳಾಗಿರಲಿಲ್ಲ. ನೀರೊಳಗೆ ಹಸಿರು ಬೆಳಕು. ಅವ್ವ ಅಂಗಳ ಗುಡಿಸುತ್ತಿದ್ದರೆ ಧೂಳಿನ ಬದಲು ಸಣ್ಣ ಸಣ್ಣ ಮೀನು ಏಳುತ್ತಿದ್ದವು. ಗೋಡೆಯ ಚಿತ್ತಾರದ ಎಳೆಗಳು ಪೈರಿನ ಹಾಗೆ ಓಲಾಡುತ್ತಿದ್ದವು. ಯಾರೋ ದೋಣಿಯಲ್ಲಿ ಮೇಲೆ ಹೋಗುತ್ತ "ಇಲ್ಲಿ ಮನೆ ಇತ್ತಾ?" ಎಂದು ಕೇಳುತ್ತಿದ್ದರು. ಇವಳು ಕೆಳಗಿನಿಂದ ಕೂಗುತ್ತಿದ್ದಳು. ಬಾಯಿಂದ ಗುಳ್ಳೆ ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ.

ಹತ್ತು ದಿನ ಬಿಟ್ಟು ಒಡೆಯರು ಕೃಷ್ಣಯ್ಯನವರು ತೀರ್ಥಹಳ್ಳಿ ಕಡೆಯಿಂದ ಪೈರು ನೋಡಲು ಬಂದರು. ಬಿಳಿ ಪಂಚೆ, ಮೃದು ಮಾತು. ಯಾರ ಮೇಲೂ ದನಿ ಏರಿಸಿದವರಲ್ಲ. ಭೂತಪ್ಪ ಚಾಪೆ ಹಾಸಿದ. ಗುತ್ಯಮ್ಮ ಹಾಲು ತಂದಿಟ್ಟಳು.

"ಪೈರು ಚೆನ್ನಾಗಿ ಬಂದಿದೆ ಭೂತಪ್ಪ. ಮತ್ತೆ ಎಂತದೋ ಮನೆಗಂದಾಯ ಅಂತೆ? ನೀವು ತಲೆ ಕೆಡಿಸ್ಕೋಬೇಡಿ. ಏಳು ಮನೇದೂ ನಾನೇ ಕಟ್ತೇನೆ."

ಭೂತಪ್ಪ ಕೈ ಮುಗಿದ. "ನಿಮ್ಮ ದಯ ಒಡೆಯಾ."

"ದಯ ಎಂತದು? ನೀವು ಬೇರೆ, ನಾವು ಬೇರೆಯಾ?"

"ರಸೀತಿ ಯಾರ ಹೆಸರಲ್ಲಿ ಬರ್ತದೆ?"

ಮಾತು ಬಂದದ್ದು ಬಾಗಿಲ ಹಿಂದಿನಿಂದ. ಹಾಲಿನ ಲೋಟ ತುಟಿಗಿಟ್ಟಿದ್ದ ಕೃಷ್ಣಯ್ಯ ಅದನ್ನು ನಿಧಾನವಾಗಿ ಕೆಳಗಿಟ್ಟು ನಕ್ಕರು. "ಸೊಸೆ ಓದಿದಾಳಾ?"

"ನಾಲ್ಕನೇ ಕ್ಲಾಸು ಒಡೆಯಾ" ಎಂದ ಸುಬ್ಬಪ್ಪ, ಹೆಂಡತಿಯ ತಪ್ಪನ್ನು ಒಪ್ಪಿಕೊಳ್ಳುವವನ ಹಾಗೆ.

"ರಸೀತಿ ಇಟ್ಕೊಂಡು ಎಂತ ಮಾಡ್ತೀಯಮ್ಮ? ಕಾಗದ ಅಂದ್ರೆ ಗೆದ್ದಲಿಗೆ ಊಟ." ಅವರು ಎದ್ದು ಅಂಗಳದ ತುದಿಗೆ ಹೋಗಿ, ಹಳ್ಳದ ಕಡೆ ಇಳಿಯುವ ಜಾಗವನ್ನು ಸ್ವಲ್ಪ ಹೊತ್ತು ನೋಡಿದರು. "ಮಗ ಇಲ್ಲಿ ಅಡಿಕೆ ಹಾಕಿಸ್ಬೇಕು ಅಂತಾನೆ. ನೀರಿನ ಅನುಕೂಲ ಇದೆಯಲ್ಲ. ಈಗಲೇ ಅಲ್ಲ. ಹಾಕೋದಾದ್ರೆ ನೀವು ಮೇಲೆ ಕಾಡಿನಂಚಿಗೆ ಮನೆ ಕಟ್ಕೊಂಡ್ರಾಯ್ತು. ಮಾಡಿಗೆ ಬಿದಿರು ಗಳ ನಾನೇ ಕೊಡ್ತೇನೆ."

"ಆಗ್ಲಿ ಒಡೆಯಾ" ಎಂದ ಭೂತಪ್ಪ. ಬಾಯಿಗೆ ಅಭ್ಯಾಸವಾಗಿದ್ದ ಮಾತು ಅದು. ಏನು ಹೇಳಿದೆ ಎಂದು ಅವನಿಗೇ ಕೇಳಿಸಿರಲಿಕ್ಕಿಲ್ಲ. ಗುತ್ಯಮ್ಮನಿಗೆ ಕೇಳಿಸಿತು. ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಒಡೆಯರು ಹಳ್ಳ ದಾಟಿದ ಮೇಲೆ ಭೂತಪ್ಪನ ಸಿಟ್ಟು ಹೊರಗೆ ಬಂತು. "ಅವ್ರ ಎದ್ರು ಬಾಯಿ ಬಿಡ್ತೀಯಾ? ನಾಳೆ ಗದ್ದೆ ಬಿಡು ಅಂದ್ರೆ ಎಂತ ತಿಂತೀಯ, ರಸೀತೀನಾ?"

"ಗದ್ದೆ ಬಿಡು ಅಂದಾರು ಅಂತ ಹೆದ್ರಿ ಮನೆ ಬಿಡಕ್ಕೆ ಒಪ್ಕೊಂಡ್ರಲ್ಲ ಮಾವ."

"ಸುಬ್ಬಾ, ನಿನ್ನ ಹೆಂಡ್ತೀಗೆ ಹೇಳು."

"ಎಂತ ಹೇಳ್ಲಿ ಅಪ್ಪಾ? ಅವಳು ಹೇಳಿದ್ದು ಸುಳ್ಳಾದ್ರೆ ಹೇಳ್ಬಹುದಿತ್ತು."

ಅವತ್ತಿನಿಂದ ಭೂತಪ್ಪ ಸೊಸೆಯ ಕೈಯಿಂದ ಬಡಿಸಿಕೊಳ್ಳುವುದನ್ನು ಬಿಟ್ಟ. ವರದಾ ಸೌಟು ಹಿಡಿದು ಬಂದರೆ ತಟ್ಟೆಗೆ ಕೈ ಅಡ್ಡ ಇಡುತ್ತಿದ್ದ. ಗುತ್ಯಮ್ಮ ಬಂದು ಬಡಿಸಬೇಕಾಗಿತ್ತು. ಅವಳಿಗೆ ಇದು ಎರಡನೇ ದಿನಕ್ಕೇ ಸಾಕಾಯಿತು. "ನಿಮ್ಮಿಬ್ಬರ ಜಗಳಕ್ಕೆ ನನ್ನ ಸೊಂಟ ಹೋಗ್ತೈತೆ" ಎಂದು ಗೊಣಗುತ್ತಿದ್ದಳು. ಆದರೆ ಸೊಸೆಯನ್ನು ಬಯ್ಯುವುದನ್ನು ಮಾತ್ರ ನಿಲ್ಲಿಸಿಬಿಟ್ಟಿದ್ದಳು. ಅದನ್ನು ಮೊದಲು ಗಮನಿಸಿದ್ದು ಪಕ್ಕದ ಮನೆಯ ದುಗ್ಗಮ್ಮ. "ಎಂತ ಗುತ್ಯಕ್ಕ, ಗಂಟಲು ಬಿದ್ದೋಗಿದ್ಯಾ?"

"ಗೋಡೆ ನೋಡ್ತಾ ಇದ್ದೆ ಮಾರಾಯ್ತಿ" ಎಂದಳು ಗುತ್ಯಮ್ಮ. "ಈ ಮನೆಗೆ ಬಂದ ವರ್ಷ, ಹಳೇ ಗೋಡೆ ಕೆಡವಿ ಹೊಸ್ತು ಎಬ್ಬಿಸಿದ್ರು. ಆ ಮಣ್ಣು ತುಳಿದದ್ದು ನಾನು. ಸುಬ್ಬ ಹೊಟ್ಟೇಲಿದ್ದ. ಮಾವ ಜಟ್ಟಿಂಗಪ್ಪ ಗೋಡೆ ಇಡ್ತಾ ಇದ್ರು, 'ಸಾಕು ಕೂತ್ಕೋ ಮಗಾ' ಅಂತಿದ್ರು. ಕಾಡಿನಂಚಿಗೆ ಗಳ ಕೊಡ್ತಾರಂತೆ. ಗೋಡೆ ಹೊತ್ಕೊಂಡು ಹೋಗಕ್ಕೆ ಆಗ್ತದಾ?"

"ಕಂದಾಯ ಕಟ್ಟಿದ್ರೆ ಮಾತ್ರ ಗೋಡೆ ಉಳೀತದಾ?" ದುಗ್ಗಮ್ಮ ಎಲೆಅಡಿಕೆಯ ಕವಳ ಉಗಿದು ಬಂದಳು. "ನನ್ನ ತಂಗಿ ಊರಲ್ಲಿ ಎರಡು ವರ್ಷ ಕಟ್ಟಿದಾರೆ. ಸಂಕ ಬರ್ತದೆ ಅಂದ್ರು. ಒಂದು ಲೋಡು ಕಲ್ಲು ಬಂತು. ಈಗ ಅದ್ರ ಮೇಲೆ ಸೀರೆ ಒಣಗಿಸ್ತಾರೆ."

"ಮೊದ್ಲು ಕಂದಾಯ ಇರ್ಲಿಲ್ಲ, ಬಿಟ್ಟಿ ಇತ್ತು" ಎಂದು ಜಗಲಿಯಿಂದ ಭೂತಪ್ಪ ಸೇರಿಸಿದ. ಈ ವಿಷಯ ಬಂದರೆ ಅವನಿಗೂ ಸುಮ್ಮನಿರಲು ಆಗುತ್ತಿರಲಿಲ್ಲ. "ಅಮಲ್ದಾರ್ರು ಬಂದ್ರೆ ಕೋಳಿ ಕೊಡು, ಗಂಟು ಹೊರು. ನನ್ನಪ್ಪ ಹೊತ್ತು ಹೊತ್ತು ಬೆನ್ನು ಬಾಗಿತ್ತು. ಈಗ ಬಿಟ್ಟಿ ಹೋಯ್ತು, ರೂಪಾಯಿ ಬಂತು. ಎಂತ ವ್ಯತ್ಯಾಸ?"

"ಬಿಟ್ಟಿಗೆ ರಸೀತಿ ಕೊಡ್ತಿರ್ಲಿಲ್ಲ ಮಾವ" ಎಂದಳು ವರದಾ ಅಂಗಳದಿಂದ. ಭೂತಪ್ಪ ಮುಖ ಬೇರೆ ಕಡೆ ತಿರುಗಿಸಿದ.

ಆಶ್ವೀಜ ಬಂತು. ಒಂದು ಸೋಮವಾರ ದುಗ್ಗಮ್ಮನ ಜೊತೆ ವರದಾ ಬುಟ್ಟಿ ತುಂಬ ಸೌತೆಕಾಯಿ, ಒಂದಿಷ್ಟು ಮೊಟ್ಟೆ ಹೊತ್ತು ರಿಪ್ಪನ್‌ಪೇಟೆ ಸಂತೆಗೆ ಹೋದಳು. ಮಾರಿ ಮುಗಿಸಿ, ಅಪ್ಪನನ್ನು ನೋಡಲು ಗುಡಿಸಲಿಗೆ ಹೋದಳು. ಅವನು ಹೆಗಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ. ನಂಬರಿನ ಕಥೆಯನ್ನೆಲ್ಲ ಕೇಳಿಸಿಕೊಂಡು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಮನೆ ಮುಳುಗಿದ್ದಕ್ಕೆ ನಂಗೆ ಅಷ್ಟು ಬೇಜಾರಿಲ್ಲ ಮಗಾ" ಎಂದ. "ಊರಿಗೆ ಕರೆಂಟ್ ಬರ್ತದೆ ಅಂದ್ರು, ಬರ್ಲಿ. ಆದ್ರೆ ಮೊನ್ನೆ ಮಂಡೀಲಿ ಒಬ್ಬ 'ನಿನ್ನೂರು ಯಾವ್ದು' ಅಂತ ಕೇಳಿದ. ಹೇಳಿದೆ. 'ಅಲ್ಲಿ ಊರೇ ಇರ್ಲಿಲ್ಲವಲ್ಲ' ಅಂದ. ಅದಕ್ಕೆ ತೋರ್ಸಕ್ಕೆ ನನ್ನ ಹತ್ರ ಎಂತ ಇತ್ತು ಹೇಳು?"

ಹಿಂದಿರುಗುವಾಗ ಸೆರಗಿನ ಗಂಟಿನಲ್ಲಿ ಎರಡೂಕಾಲು ರೂಪಾಯಿ ಇತ್ತು. ಬಸ್ಸಿನ ಕಿಟಕಿಯಾಚೆ ಕಾಡು, ಬಯಲು, ಮತ್ತೆ ಕಾಡು ತೇಲಿ ಹೋಗುತ್ತಿದ್ದವು. ಕಣ್ಣಿಗೆ ಜೋಂಪು ಹತ್ತಿದಾಗ ವರದಾಳಿಗೆ ಬಸ್ಸೇ ನೀರೊಳಗೆ ಹೋಗುತ್ತಿರುವ ಹಾಗೆ ಅನ್ನಿಸಿತು.

ಹುಣ್ಣಿಮೆಗೆ ಮೂರು ದಿನ ಇರುವಾಗ ಗುತ್ಯಮ್ಮ ಭೂಮಿ ಪೂಜೆಯ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಬಿಳಿ ಎಳೆ ಬರೆಯಲು ಕೂತಳು. ಪಕ್ಕದಲ್ಲಿ ವರದಾ ಅಕ್ಕಿಹಿಟ್ಟು ಕಲಸುತ್ತಿದ್ದಳು.

"ಎಷ್ಟಾಗೈತೆ ನಿನ್ನ ಗಂಟಲ್ಲಿ?" ಗುತ್ಯಮ್ಮ ತಲೆ ಎತ್ತದೆ ಕೇಳಿದಳು.

ವರದಾ ಬೆಚ್ಚಿದಳು. "ಎರಡೂಕಾಲು ಅತ್ತೆ."

ಗುತ್ಯಮ್ಮ ಎದ್ದು ಒಳಗೆ ಹೋಗಿ, ಬತ್ತದ ಕಣಜದ ಸಂದಿಯಿಂದ ಎಂತದನ್ನೋ ತೆಗೆದು ತಂದು ಸೊಸೆಯ ಮುಂದಿಟ್ಟಳು. ನಾಲ್ಕಾಣೆಯ ಮೂರು ನಾಣ್ಯ. "ನಿಮ್ಮ ಮಾವಂಗೆ ಹೇಳ್ಬೇಡ. ಆದ್ರೆ ಒಂದು ತಾಪತ್ರಯ ಐತೆ. ಆ ನಂಬ್ರು ನಾನೇ ಮುಚ್ಚಿದೀನಲ್ಲ. ಗುಮಾಸ್ತ ಗೋಡೇಲಿ ನಂಬ್ರು ಇಲ್ಲ ಅಂದ್ರೆ?"

"ನಾನು ಬರೀತೀನಿ ಅತ್ತೆ. ನಲವತ್ತಮೂರು."

"ನೀ ಬರೆದ್ರೆ ಗೋಡೆ ಕೆಡ್ತದೆ" ಎಂದಳು ಗುತ್ಯಮ್ಮ. ಓದು ಬರಹ ಅವಳಿಗೆ ಗೊತ್ತಿರಲಿಲ್ಲ. ಆದರೆ ಒಂದು ಸಲ ಕಂಡ ಗೆರೆಯನ್ನು ಅವಳ ಕೈ ಮರೆಯುತ್ತಿರಲಿಲ್ಲ. ಕುಂಚ ಅದ್ದಿ ನೆಲದ ಮೇಲೆ ಎಳೆದು ತೋರಿಸಿದಳು. "ಮೊದಲ್ನೇದು ಹಗ್ಗದ ಕುಣಿಕೆ ಹಂಗಿತ್ತು. ಎರಡನೇದು ಬಾಗಿದ ಕುಡುಗೋಲು. ಹೌದಲ್ಲ?"

ನೆಲದ ಮೇಲೆ ೪೩ ಇತ್ತು. ಗುಮಾಸ್ತ ಬರೆದದ್ದಕ್ಕಿಂತ ಚೆಂದವಾಗಿತ್ತು.

ಹುಣ್ಣಿಮೆಯ ಬೆಳಗ್ಗೆ ಬೆಳಕು ಹರಿಯುವ ಮುಂಚೆ ನಾಲ್ವರೂ ಗದ್ದೆಗೆ ಇಳಿದರು. ಬುಟ್ಟಿಯಲ್ಲಿ ಸೌತೆಕಾಯಿ ಕಡುಬು, ಹಲವು ಸೊಪ್ಪು ಬೆರೆಸಿ ಬೇಯಿಸಿದ ಪಲ್ಯ, ಬುತ್ತಿ. ತೆನೆ ಕಟ್ಟುವ ಪೈರು ಎಂದರೆ ಬಸುರಿ. ಅವಳಿಗೆ ಬಯಕೆಯ ಊಟ ಬಡಿಸುವ ಹಬ್ಬ ಅದು. ಸುಬ್ಬಪ್ಪ ಸೊಪ್ಪಿನ ಪಲ್ಯವನ್ನು ಬದುವಿನುದ್ದಕ್ಕೂ ಬೀರುತ್ತ ಹೋದ. ಮಂಜಿನಲ್ಲಿ ಬಯಕೆಯೂಟಕ್ಕೆ ಭೂಮಿಯನ್ನು ಕರೆಯುವ ಅವನ ಕೂಗು ಮಾತ್ರ ಕೇಳುತ್ತಿತ್ತು, ಆಳು ಕಾಣುತ್ತಿರಲಿಲ್ಲ. ಭೂತಪ್ಪ ಕುಕ್ಕರುಗಾಲಲ್ಲಿ ಕೂತು ಒಂದು ಕಡುಬನ್ನು ಮಣ್ಣಿನಲ್ಲಿ ಹುಗಿದ.

"ಭೂಮಿತಾಯಿಗೆ ಮೊದ್ಲು" ಎಂದ, ಕೈ ಒರೆಸಿಕೊಳ್ಳುತ್ತ. "ಇದೂ ಒಂದು ಕಂದಾಯವೇ ಅಲ್ವಾ? ಇವಳು ಯಾವತ್ತಾದ್ರೂ ರಸೀತಿ ಕೊಟ್ಟಾಳಾ?"

"ಇವಳು ಕೊಡೋದು ಬೇಡ, ಇವಳಿಗೆ ನಮ್ಮ ನೆನಪಿರ್ತದೆ" ಎಂದಳು ಗುತ್ಯಮ್ಮ, ಎಲೆಗೆ ಬಡಿಸುತ್ತ. "ನೆನಪಿಲ್ಲದವ್ರ ಹತ್ರ ರಸೀತಿ ಬೇಕು. ನೀವು ಸತ್ತ ಮೇಲೆ, ನಾನು ಸತ್ತ ಮೇಲೆ, ಈ ಮನೆ ಗೋಡೆ ಇಟ್ಟದ್ದು ನಿಮ್ಮಪ್ಪ ಅಂತ ಒಡೇರ ಮಗಂಗೆ ಯಾರು ಹೇಳ್ತಾರೆ?"

ಭೂತಪ್ಪ ಕಡುಬು ಹುಗಿದ ಜಾಗವನ್ನು ನೋಡುತ್ತ ಕೂತ. ವರದಾ ಪಲ್ಯ ಹಿಡಿದು ಬಂದಾಗ, ಮರೆತೋ ಏನೋ, ಎಲೆಗೆ ಕೈ ಅಡ್ಡ ಇಡಲಿಲ್ಲ.

ಮಾರನೇ ದಿನ ಪಂಚಾಯ್ತಿಗೆ ಹೊರಟಾಗ ಭೂತಪ್ಪ ಬಾಗಿಲು ದಾಟಿದವನು ಹಿಂದೆ ತಿರುಗಿ ನಿಂತ. ಚಿತ್ತಾರದ ಎಳೆಗಳು ತಾವೇ ಸರಿದು ಜಾಗ ಬಿಟ್ಟಂತೆ, ಅವುಗಳ ನಡುವೆ ಕುಣಿಕೆಯೂ ಕುಡುಗೋಲೂ ಬಿಳಿ ಬಣ್ಣದಲ್ಲಿ ಕೂತಿದ್ದವು. ಅವುಗಳ ಸುತ್ತ ಮದುವೆಯ ಬಾಸಿಂಗಕ್ಕೆ ಹಾಕುವ ಅಂಚನ್ನೇ ಗುತ್ಯಮ್ಮ ಹಾಕಿದ್ದಳು.

"ಎಂತದೇ ಇದು?"

"ನೀವು ನಡೀರಿ, ಹೊತ್ತಾಯ್ತು" ಎಂದಳು ಅವಳು, ತಾನೂ ಸೆರಗು ಸಿಕ್ಕಿಸಿಕೊಂಡು, ವರದಾಳನ್ನೂ ಹೊರಡಿಸಿಕೊಂಡು.

ನಿಟ್ಟೂರಿನ ಪಂಚಾಯ್ತಿ ಕೋಣೆಯಲ್ಲಿ ಜನ ಗೋಡೆಗೊರಗಿ ಕೂತಿದ್ದರು. ಮಂಜುನಾಥಪ್ಪ ಶಾಯಿ ದೌತಿ ಮುಂದಿಟ್ಟುಕೊಂಡು ಓದುತ್ತಿದ್ದ. ಮೇಜಿನ ಮೇಲೆ ಕೃಷ್ಣಯ್ಯನವರು ಕಳಿಸಿದ್ದ ಇಪ್ಪತ್ತೊಂದು ರೂಪಾಯಿ ಇತ್ತು, ಏಳು ಮನೆಯದು.

"ಮನೆ ನಂಬರ್ ನಲವತ್ತಮೂರು. ಮಾಲೀಕರು ಕೃಷ್ಣಯ್ಯ. ಕಂದಾಯ ಪಾವತಿ."

"ಮುಂದೆ ಓದಿ" ಎಂದ ಭೂತಪ್ಪ.

"ಮುಂದೆ ನಲವತ್ತನಾಲ್ಕು."

"ಅಲ್ಲ, ನಲವತ್ತಮೂರರದ್ದೇ. ಒಳಗೆ ಯಾರಿದಾರೆ ಅಂತ."

"ಅದಕ್ಕೆ ಇಲ್ಲಿ ಖಾನೆ ಇಲ್ಲ ಭೂತಪ್ಪ."

"ಹಂಗಾರೆ ಆ ಪುಸ್ತಕದಲ್ಲಿ ನಾವು ಎಲ್ಲಿದೀವಿ?"

"ಎಲ್ಲೂ ಇಲ್ಲ."

ಹೊರಗೆ ಯಾರದೋ ಗಾಡಿಯ ಎತ್ತು ಕೊರಳು ಕೊಡವಿತು. ಭೂತಪ್ಪ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಸೊಸೆಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಆಳದ ನೀರಿನ ಕೆಳಗಿಂದ ನೋಡುವವರ ಹಾಗೆ.

"ಒಡೇರ ಮೂರು ರೂಪಾಯಿ ಅವ್ರಿಗೆ ವಾಪಸ್ ಕೊಡಿ" ಎಂದ. ಎದ್ದು ನಿಂತ. "ನನ್ನ ಮನೇದು ನಾನು ಕಟ್ತೀನಿ."

ಹಿಂದಿನಿಂದ ಯಾರೋ "ಲೇ ಭೂತಪ್ಪ, ಗದ್ದೆ ಹೋಗ್ತದೆ ಕಣೋ" ಅಂದರು. ಅವನಿಗೆ ಕೇಳಿಸಿತು. ಅವನು ಕೂರಲಿಲ್ಲ.

ವರದಾ ಸೆರಗಿನ ಗಂಟು ಬಿಚ್ಚಿದಳು.

"ಗೋಡೇಲಿ ನಂಬರ್ ಅಳ್ಸಿದೀರಂತಲ್ಲ?" ಮಂಜುನಾಥಪ್ಪ ನಗು ತಡೆದುಕೊಂಡು ಕೇಳಿದ.

"ಬಂದು ನೋಡಿ" ಎಂದಳು ಗುತ್ಯಮ್ಮ. "ನಿಮಗೆ ಬರೆಯಕ್ಕೆ ಬರಲ್ಲ ಅಂತ ನಾನೇ ಬರ್ದಿದೀನಿ."

ಆ ವರ್ಷ ಕೃಷ್ಣಯ್ಯನವರು ಸುಗ್ಗಿಗೆ ತಾವು ಬರಲಿಲ್ಲ. ಗೇಣಿ ಅಳೆಯಲು ಆಳನ್ನು ಕಳಿಸಿದರು. ಅವನು ಪ್ರತಿ ಕೊಳಗವನ್ನೂ ರಾಶಿ ಏರಿಸಿ ಅಳೆದ. ಮನೆಗೆ ಉಳಿದದ್ದು ಎರಡು ಮೂಟೆ ಕಡಿಮೆ. ಗದ್ದೆಯ ಮಾತು ಮುಂದಿನ ವರ್ಷ ನೋಡೋಣ ಎಂದು ಹೇಳಿ ಹೋದ. ಹಳ್ಳಕ್ಕೆ ಕಾಲುಸಂಕವೂ ಬರಲಿಲ್ಲ, ಕಂಬವೂ ಬರಲಿಲ್ಲ. "ಕಲ್ಲಾದ್ರೂ ಬಂದಿದ್ರೆ ಸೀರೆ ಒಣಗಿಸ್ಬಹುದಿತ್ತು" ಎಂದು ದುಗ್ಗಮ್ಮ ಕಾಡಿಸುತ್ತಿದ್ದಳು. ಮನೆಯಲ್ಲಿ ಒಪ್ಪೊತ್ತು ಗಂಜಿ ತೆಳ್ಳಗಾಯಿತು. ಬಂದದ್ದು ಒಂದು ಚೀಟಿ ಮಾತ್ರ, ಅಂಗೈಯಷ್ಟು ಅಗಲದ್ದು. ಗೆದ್ದಲು ಹತ್ತದ ಹಾಗೆ ಸುಬ್ಬಪ್ಪ ಅದನ್ನು ಬಿದಿರಿನ ಅಂಡೆಯಲ್ಲಿಟ್ಟು ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸಿದ.

ಮುಸ್ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೊಮ್ಮೆ ಗುತ್ಯಮ್ಮ "ಅದ್ನ ತಗಂಡು ಬಾರೇ" ಎನ್ನುತ್ತಿದ್ದಳು. ವರದಾ ಹೊಗೆಯ ವಾಸನೆ ಹತ್ತಿದ ಚೀಟಿಯನ್ನು ಬಿಡಿಸಿ, ದೀಪಕ್ಕೆ ಹಿಡಿದು ಓದುತ್ತಿದ್ದಳು. ಭೂತಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತ, ಕೇಳದವನ ಹಾಗೆ ಕೂತಿರುತ್ತಿದ್ದ.

"ಮನೆ ನಂಬರ್ ನಲವತ್ತಮೂರು" ಎಂದು ಒಂದು ಸಂಜೆ ಓದಿದಳು. "ಮಾಲೀಕರು, ಭೂತಪ್ಪ. ಮೂರು ರೂಪಾಯಿ ಪಾವತಿ."

ಹೊಸೆಯುವ ಕೈ ನಿಂತಿತು. "ಒಂದು ಮಾತು ಬಿಟ್ಟೆ" ಎಂದ ಭೂತಪ್ಪ ಕತ್ತಲಾಗುತ್ತಿದ್ದ ಅಂಗಳವನ್ನೇ ನೋಡುತ್ತ. "ಸರಿಯಾಗಿ ಓದು ಮಗಾ."

ವರದಾ ಚೀಟಿಯನ್ನು ದೀಪಕ್ಕೆ ಇನ್ನಷ್ಟು ಹತ್ತಿರ ಹಿಡಿದಳು.

"ಭೂತಪ್ಪ ಬಿನ್ ಜಟ್ಟಿಂಗಪ್ಪ."

"ಹೂಂ" ಎಂದ ಅವನು. ಸ್ವಲ್ಪ ಹೊತ್ತಾದ ಮೇಲೆ, "ಇನ್ನೊಂದ್ಸಲ" ಎಂದ.